ಬ್ಯಾಂಕಿನ ಹಿಂದಿನ ಲೆಕ್ಕವೂ ರೈತನ ಒಪ್ಪಿಗೆಯೂ

ತುಂಗಭದ್ರಾ ತೀರದ ಹಂಪಸಾಗರದಲ್ಲಿ ಒಬ್ಬ ರೈತನು ಜೂನ್ ತಿಂಗಳಲ್ಲಿ ಮೆಕ್ಕೆಜೋಳವನ್ನು ಬಿತ್ತಿ, ನವೆಂಬರಿನಲ್ಲಿ ಮಾರಿ, ಬಂದ ಹಣವನ್ನು ಉಳಿತಾಯ ಖಾತೆಗೆ ಜಮಾ ಮಾಡುವನೆಂದು ಭಾವಿಸಬಹುದು. ಮರುವರ್ಷದ ಆಗಸ್ಟಿನಲ್ಲಿ ಅವನು ಹಸು ಕೊಳ್ಳುವುದಕ್ಕೆ ಸಾಲ ಕೇಳಿದಾಗ, ಸಾಲ ಕೊಡುವವರು ಹಿಂದಿನ ಮೂರು ತಿಂಗಳ ಲೆಕ್ಕವನ್ನು ಮಾತ್ರ ನೋಡಿದರೆ ಬೀಜ, ಗೊಬ್ಬರ, ಕೂಲಿಗಳ ಖರ್ಚೇ ಕಾಣುವುದು, ಆದಾಯವು ಕಾಣದು. ರೈತನು ದಿವಾಳಿಯಾದವನಲ್ಲ, ಆರಿಸಿಕೊಂಡ ಅವಧಿಯೇ ತಪ್ಪಾದುದು. ಸಂಬಳಗಾರನಿಗೆ ಸಾಕಾಗುವ ಮೂರು ತಿಂಗಳು ಬೇಸಾಯಗಾರನಿಗೆ ಸಾಲದು. ಎರಡು ಸುಗ್ಗಿಗಳಾದರೂ ಒಳಗೊಂಡ ಲೆಕ್ಕವು ಬೇಕು.

ಹಿಂದೆ ಇದಕ್ಕಾಗಿ ಪಾಸ್‌ಬುಕ್ಕಿನ ನಕಲುಗಳನ್ನು ಒಯ್ಯಬೇಕಾಗಿತ್ತು. ಈಗ ಅಕೌಂಟ್ ಅಗ್ರಿಗೇಟರ್ ಎಂಬ ಏರ್ಪಾಡಿದೆ. ಭಾರತೀಯ ರಿಸರ್ವ್ ಬ್ಯಾಂಕು ಇದರ ನಿಯಮಗಳನ್ನು 2016ರಲ್ಲಿ ಹೊರಡಿಸಿತು. 2021ರ ಸೆಪ್ಟೆಂಬರಿನಲ್ಲಿ ಇದು ಬಳಕೆಗೆ ಬಂದಿತು. ಈ ಸಂಸ್ಥೆಯು ಅಂಚೆಯವನಂತೆ. ಖಾತೆದಾರನು ಒಪ್ಪಿದಲ್ಲಿ ಮಾತ್ರ ಒಂದು ಬ್ಯಾಂಕಿನ ಲೆಕ್ಕವನ್ನು ಸಾಲ ಕೊಡುವವರಿಗೆ ಮುಟ್ಟಿಸುವುದೇ ಹೊರತು, ಲಕೋಟೆಯನ್ನು ಒಡೆದು ಓದಲಾಗದು, ತನ್ನಲ್ಲಿ ಇಟ್ಟುಕೊಳ್ಳಲಾಗದು. ಬ್ಯಾಂಕಿನ ಗುಪ್ತಪದವನ್ನು ಅದು ಕೇಳತಕ್ಕದ್ದಲ್ಲ. ಯಾರಾದರೂ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು.

ಇದಕ್ಕೆ ಅರ್ಹರು ಯಾರು? ಆಸ್ಟ್ರೇಲಿಯದ ಇಂತಹುದೇ ಏರ್ಪಾಡಿನಲ್ಲಿ ಸಾಮಾನ್ಯ ಗ್ರಾಹಕನಿಗೆ 18 ವರ್ಷ ತುಂಬಿರಬೇಕು, ಖಾತೆಯು ಅಂತರ್ಜಾಲದಲ್ಲಿ ಕಾಣುವಂತಿರಬೇಕು. ನಮ್ಮಲ್ಲಿ ಬೀಗದ ಕೈಯಂತಿರುವುದು ಮೊಬೈಲ್ ಸಂಖ್ಯೆ. ಬ್ಯಾಂಕಿನಲ್ಲಿ ಬರೆಯಿಸಿದ ಸಂಖ್ಯೆಯೂ ಕೈಯಲ್ಲಿರುವ ಸಂಖ್ಯೆಯೂ ಒಂದೇ ಆಗಿರದಿದ್ದರೆ ಖಾತೆಯು ಸಿಕ್ಕುವುದೇ ಇಲ್ಲ. ಹಳೆಯ ಸಿಮ್ಮನ್ನು ಬಿಟ್ಟು ಹೊಸದನ್ನು ಕೊಂಡವರೂ, ಮಗನ ಸಂಖ್ಯೆಯನ್ನು ತಂದೆಯ ಖಾತೆಗೆ ಬರೆಯಿಸಿದವರೂ ಮೊದಲು ಶಾಖೆಗೆ ಹೋಗಿ ಸರಿಪಡಿಸಿಕೊಳ್ಳಬೇಕು. ಮಗನ ಸಂಖ್ಯೆ ಇದ್ದಲ್ಲಿ ಒಪ್ಪಿಗೆಯ ಗುಟ್ಟಿನ ಅಂಕಿಯು ಮಗನಿಗೇ ಹೋಗುವುದು. ಲೆಕ್ಕ ತಂದೆಯದು, ಒಪ್ಪಿಗೆ ಮಗನದು ಎಂದಾಗುವುದು ಸರಿಯಲ್ಲ. ಜಂಟಿ ಖಾತೆಯಿದ್ದವರು ಶಾಖೆಯಲ್ಲಿ ಮುಂಚಿತವಾಗಿ ವಿಚಾರಿಸುವುದು ಮೇಲು.

ಒಪ್ಪಿಗೆಯ ಪತ್ರವು ಫೋನಿನಲ್ಲಿ ಬಂದಾಗ ಅವಸರದಿಂದ ಒತ್ತಬಾರದು. ಯಾವ ಖಾತೆ, ಯಾವ ದಿನದಿಂದ ಯಾವ ದಿನದವರೆಗಿನ ಲೆಕ್ಕ, ಯಾರಿಗೆ, ಯಾವ ಉದ್ದೇಶಕ್ಕೆ, ಒಂದು ಸಲಕ್ಕೋ ಮತ್ತೆ ಮತ್ತೆಯೋ, ಎಷ್ಟು ಕಾಲ ಅವರು ಇಟ್ಟುಕೊಳ್ಳುವರು ಎಂಬುವೆಲ್ಲವೂ ಅದರಲ್ಲಿರುವುವು. ಅವಧಿಯನ್ನು ಗೊತ್ತುಮಾಡುವವರು ಸಾಲ ಕೊಡುವವರು. ಆದಕಾರಣ ಎರಡು ಸುಗ್ಗಿಗಳ ಲೆಕ್ಕವನ್ನು ಕೇಳಿರೆಂದು ಅವರಿಗೆ ಮೊದಲೇ ಹೇಳಬೇಕು. ಹಸುವಿನ ಸಾಲಕ್ಕೆ ಒಂದು ಸಲದ ಲೆಕ್ಕ ಸಾಕಾಗಿರುವಲ್ಲಿ ವರ್ಷವಿಡೀ ನೋಡುವ ಒಪ್ಪಿಗೆಯನ್ನು ಬೇಡಿದರೆ ಕಾರಣವನ್ನು ಕೇಳಬೇಕು. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು; ಆದರೆ ಅದು ಮುಂದಿನ ಲೆಕ್ಕವನ್ನು ತಡೆಯುವುದಲ್ಲದೆ ಈಗಾಗಲೇ ಹೋದುದನ್ನು ಮರಳಿಸದು.

ನಗದಾಗಿ ಮಾರಿದ ಜೋಳವು ಈ ಲೆಕ್ಕದಲ್ಲಿ ಬಾರದು. ಊರಿನ ಸಹಕಾರ ಸಂಘವು ಬ್ಯಾಂಕಲ್ಲವಾದುದರಿಂದ ಅದರ ಪುಸ್ತಕದ ಪ್ರತಿಯನ್ನೂ, ಮಾರಾಟದ ಚೀಟಿಗಳನ್ನೂ ಬೇರೆಯಾಗಿ ಒಯ್ಯಬೇಕು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲದ ಮಿತಿಯಾದರೋ ಮುಖ್ಯವಾಗಿ ಜಮೀನಿನ ವಿಸ್ತೀರ್ಣವನ್ನೂ ಬೆಳೆಯ ಎಕರೆವಾರು ಸಾಲದ ದರವನ್ನೂ ಅನುಸರಿಸುವುದು. ಅದಕ್ಕೆ ಸಾಮಾನ್ಯವಾಗಿ ಪಹಣಿಯು ಬೇಕಾಗುವುದು.