ವೀಣೆಯ ಮೇಳ

ಸಭೆಯಲ್ಲಿ ವೀಣಾವಾದನವನ್ನು ಕೇಳಿ ತಲೆದೂಗುವವರು ವೈಣಿಕರ ಬೆರಳುಗಳನ್ನು ಮೆಚ್ಚುತ್ತಾರೆ. ಅವರಿಗೆ ವಿದ್ಯೆಯನ್ನು ಧಾರೆಯೆರೆದ ಗುರುವನ್ನು ನೆನೆಯುತ್ತಾರೆ. ಆದರೆ ಆ ಬೆರಳುಗಳು ಓಡಾಡುವ ಹಾದಿಯನ್ನು ಹದಗೊಳಿಸಿಕೊಟ್ಟ ಕುಶಲಕರ್ಮಿಯ ನೆನಪು ಬಹುಮಂದಿಗೆ ಬರುವುದಿಲ್ಲ. ಅವನೇ ವೀಣೆಗೆ ಮೇಳ ಕಟ್ಟುವವನು.

ಹೊಸದಾಗಿ ಕಲಿಯುವ ವಿದ್ಯಾರ್ಥಿಯೊಬ್ಬನು ತಂತಿಯನ್ನು ಎಷ್ಟು ಒತ್ತಿದರೂ ಸ್ವರ ನುಡಿಯುವುದಿಲ್ಲ. ನುಡಿದರೂ ಕರಕರ ಸದ್ದು ಅದರೊಡನೆ ಹೊರಡುತ್ತದೆ. ಬೆರಳ ತುದಿ ಕೆಂಪಾಗಿ ನೋಯುತ್ತದೆ. ತನ್ನ ಕೈಗೆ ಈ ವಿದ್ಯೆ ಒಲಿಯದೆಂದು ಅವನು ವೀಣೆಗೆ ಗವಸು ತೊಡಿಸಿ ಮೂಲೆಗಿರಿಸುವುದೂ ಉಂಟು. ದೋಷವಿರುವುದು ಕೈಯಲ್ಲೋ, ವಾದ್ಯದಲ್ಲೋ ಎಂದು ಪರೀಕ್ಷಿಸಿದವರು ಯಾರು? ಮೆಟ್ಟಿಲುಗಳು ಕೂದಲೆಳೆಯಷ್ಟು ತಗ್ಗುಹೆಚ್ಚಾಗಿದ್ದರೆ ವಿದ್ವಾಂಸರ ಕೈಯೂ ತಡವರಿಸುತ್ತದೆ. ಎಳೆಯ ಕೈಯ ಪಾಡನ್ನು ಹೇಳಬೇಕಾಗಿಲ್ಲ.

ವೀಣೆಯಲ್ಲಿ ಏಳು ತಂತಿಗಳಿವೆ. ನಾಲ್ಕು ನುಡಿಸುವುದಕ್ಕೆ, ಮೂರು ಶ್ರುತಿ ಮತ್ತು ತಾಳಗಳಿಗೆ. ನುಡಿಸುವ ತಂತಿಗಳ ಕೆಳಗೆ ದಂಡಿಯ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳು ಅಡ್ಡಲಾಗಿ ನಿಂತಿರುತ್ತವೆ. ಇವು ಹಿತ್ತಾಳೆಯವು ಅಥವಾ ಕಂಚಿನವು. ಇವುಗಳನ್ನು ಮರಕ್ಕೆ ಮೊಳೆಹೊಡೆದು ಕೂಡಿಸಿರುವುದಿಲ್ಲ. ದಂಡಿಯ ಎರಡು ಅಂಚುಗಳಲ್ಲಿಯೂ ಜೇನುಮೇಣಕ್ಕೆ ಇದ್ದಿಲಿನ ಪುಡಿ ಬೆರೆಸಿದ ಕಪ್ಪು ಕಟ್ಟೆಯುಂಟು. ಮೆಟ್ಟಿಲಿನ ಎರಡು ತುದಿಗಳೂ ಆ ಮೇಣದಲ್ಲಿ ಹುದುಗಿರುತ್ತವೆ. ಇದೇ ಮೇಳ.

ಮೆಟ್ಟಿಲುಗಳ ಸ್ಥಾನವನ್ನು ಗಣಿತದಿಂದ ತಿಳಿಯಲು ಸಾಧ್ಯವಿಲ್ಲವೇ ಎಂದು ಕೇಳಬಹುದು. ಸಾಧ್ಯವುಂಟು, ಆದರೆ ಸ್ವಲ್ಪ ದೂರದವರೆಗೆ ಮಾತ್ರ. ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 80 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ನಡುವೆ, ಅಂದರೆ ಮೇರುವಿನಿಂದ 40 ಸೆಂಟಿಮೀಟರ್ ದೂರದಲ್ಲಿ ಬರಬೇಕು; ಅಲ್ಲಿ ಮೇಲಿನ ಷಡ್ಜ ನುಡಿಯುತ್ತದೆ. ಶುದ್ಧ ಮಧ್ಯಮದ ಐದನೆಯ ಮೆಟ್ಟಿಲು 20ರಲ್ಲಿ, ಇಪ್ಪತ್ತನಾಲ್ಕನೆಯದು 60ರಲ್ಲಿ. ಮೇರುವಿನ ಬಳಿ ಮೆಟ್ಟಿಲಿನ ಅಂತರ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಇದ್ದುದು, ಕುದುರೆಯತ್ತ ಸಾಗಿದಂತೆ ಕಿರಿದಾಗುತ್ತ ಕೊನೆಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿ ಉಳಿಯುತ್ತದೆ.

ಗಣಿತದ ಅಧಿಕಾರ ಇಲ್ಲಿಗೆ ಮುಗಿಯುತ್ತದೆ. ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದು ಬಿಗಿದುಕೊಳ್ಳುತ್ತದೆ. ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ. ತಂತಿ ಎತ್ತರದಲ್ಲಿದ್ದಷ್ಟೂ ಈ ಏರಿಕೆ ಹೆಚ್ಚು. ಆದ್ದರಿಂದ ಮೆಟ್ಟಿಲನ್ನು ಲೆಕ್ಕದ ಜಾಗದಿಂದ ಮೇರುವಿನ ಕಡೆಗೆ ಎಳ್ಳಷ್ಟು ಸರಿಸಬೇಕಾಗುತ್ತದೆ. ಎಷ್ಟು ಸರಿಸಬೇಕೆಂಬುದು ತಂತಿಯ ದಪ್ಪವನ್ನು, ಬಿಗಿಯನ್ನು, ಎತ್ತರವನ್ನು ಅವಲಂಬಿಸಿದೆ. ಇಷ್ಟಕ್ಕೂ ಒಂದೇ ಮೆಟ್ಟಿಲು ನಾಲ್ಕು ತಂತಿಗಳಿಗೂ ಸಲ್ಲಬೇಕು. ತೆಳ್ಳನೆಯ ಸಾರಣಿಗೆ ಒಪ್ಪಿದ ಜಾಗ ದಪ್ಪನೆಯ ಅನುಮಂದ್ರಕ್ಕೆ ಒಪ್ಪದೆ ಹೋಗಬಹುದು. ಆಗ ಮೆಟ್ಟಿಲನ್ನು ಕಂಡೂ ಕಾಣದಷ್ಟು ಓರೆಯಾಗಿ ನಿಲ್ಲಿಸಿ ಎಲ್ಲ ತಂತಿಗಳಿಗೂ ನ್ಯಾಯ ಒದಗಿಸುವುದು ಕಸಬುದಾರನ ಕಿವಿಗೆ ಬಿಟ್ಟ ಕೆಲಸ.

ಈ ಚಿಂತನೆ ನಮ್ಮಲ್ಲಿ ಹಳೆಯದು. ವಿಜಯನಗರದ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮೆಟ್ಟಿಲುಗಳಿಗೆಂದೇ ವಿಸ್ತಾರವಾದ ವಿವೇಚನೆಯಿದೆ. ಒಂದು ರಾಗದ ಸ್ವರಗಳಿಗೆ ಮಾತ್ರ ಮೆಟ್ಟಿಲುಗಳಿರುವುದು ಏಕರಾಗಮೇಳ. ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲುಗಳಿರುವುದು ಸರ್ವರಾಗಮೇಳ. ಮುಂದೆ ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳ ಇಂದಿನ ರೂಪ ನೆಲೆಗೊಂಡಿತೆಂದು ಹೇಳುವುದು ವಾಡಿಕೆ. ಮೈಸೂರಿನಲ್ಲಿ ವೀಣೆ ಶೇಷಣ್ಣ (1852–1926), ವೆಂಕಟಗಿರಿಯಪ್ಪ (1887–1952), ದೊರೆಸ್ವಾಮಿ ಅಯ್ಯಂಗಾರ್ (1920–1997) ಮೊದಲಾದವರು ಬೆಳಗಿಸಿದ ಬಾನಿಯಲ್ಲಿ ಎಡಗೈಯ ತೋರುಬೆರಳು, ನಡುಬೆರಳುಗಳನ್ನು ಬಿಡಿಬಿಡಿಯಾಗಿ ಬಳಸುವ ಕ್ರಮವುಂಟು. ಅಂತಹ ಸೂಕ್ಷ್ಮವಾದ ನಡೆಗೆ ಮೆಟ್ಟಿಲುಗಳ ಸಾಲು ಸಮವಾಗಿರಲೇಬೇಕು.

ಪಾಶ್ಚಾತ್ಯರ ಗಿಟಾರಿಗೂ ಈ ತೊಡಕು ತಪ್ಪಿದ್ದಲ್ಲ. ಅಲ್ಲಿ ಲೋಹದ ತಂತಿಯ ತುಂಡುಗಳನ್ನು ಕತ್ತಿನ ಮರದ ಸೀಳುಗಳಲ್ಲಿ ಶಾಶ್ವತವಾಗಿ ಹೊಡೆದು ಕೂಡಿಸುತ್ತಾರೆ. ಅವು ಸವೆದಾಗ ಅರದಿಂದ ಉಜ್ಜಿ ಸಮಮಾಡಿ, ಮತ್ತೆ ಒಂದೊಂದರ ನೆತ್ತಿಯನ್ನೂ ದುಂಡಾಗಿಸಬೇಕು. ಮರದ ಕತ್ತು ಬಾಗಿದರೆ ಒಳಗಿರುವ ಉಕ್ಕಿನ ಸರಳನ್ನು ತಿರುಗಿಸಿ ನೇರಗೊಳಿಸುತ್ತಾರೆ. ಅಮೆರಿಕದ ಫೆಂಡರ್ ಸಂಸ್ಥೆ 1954ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಎಂಬ ವಿದ್ಯುತ್ ಗಿಟಾರಿನಲ್ಲಿ ಆರು ತಂತಿಗಳಿಗೂ ಬೇರೆ ಬೇರೆ ಆಸರೆಗಳಿದ್ದು, ಪ್ರತಿಯೊಂದನ್ನೂ ಮುಂದೆ ಹಿಂದೆ ಸರಿಸಿ ಸ್ವರವನ್ನು ತಿದ್ದಬಹುದು. ಗಿಟಾರಿನವನು ತಂತಿಯ ಕೊನೆಯನ್ನು ಸರಿಸುತ್ತಾನೆ, ವೀಣೆಯವನು ಮೆಟ್ಟಿಲನ್ನೇ ಸರಿಸುತ್ತಾನೆ, ಅಷ್ಟೇ ಭೇದ.

ಮೇಣದ ಗುಣವೇ ಅದರ ದೋಷವೂ ಆಗಿದೆ. ಬಿಸಿ ತಾಗಿಸಿದರೆ ಸಡಿಲವಾಗಿ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ವೀಣೆಯನ್ನು ಬಿಟ್ಟರೆ ಅದೇ ಮೇಣ ಕರಗಿ ಮೆಟ್ಟಿಲುಗಳು ವಾಲುತ್ತವೆ. ಬೆರಳಿನ ಒತ್ತಡದಿಂದ ಅವು ನಿಧಾನವಾಗಿ ಕುಸಿಯುವುದೂ ಉಂಟು. ಉಕ್ಕಿನ ತಂತಿ ತಿಕ್ಕಿ ಅವುಗಳ ಮೇಲೆ ಗೀರುಗಳು ಬೀಳುತ್ತವೆ. ಆದ್ದರಿಂದ ಕಾಲಕಾಲಕ್ಕೆ ಮೇಳವನ್ನು ಹೊಸದಾಗಿ ಕಟ್ಟಿಸಲೇಬೇಕು.

ಕಸಬುದಾರನು ಮೊದಲು ಹಳೆಯ ಮೇಣವನ್ನು ಕೆತ್ತಿ ತೆಗೆಯುತ್ತಾನೆ. ಮೆಟ್ಟಿಲುಗಳ ಗೀರುಗಳನ್ನು ಅರದಿಂದ ಉಜ್ಜಿ ನುಣುಪುಗೊಳಿಸುತ್ತಾನೆ. ಕುದುರೆಯ ಮೇಲಿನ ಲೋಹದ ತಗಡಿನ ಇಳಿಜಾರನ್ನು ಪರೀಕ್ಷಿಸುತ್ತಾನೆ. ನಾದದ ಕೊರಗೂ ಕಳೆಯೂ ಬಹುಮಟ್ಟಿಗೆ ಆ ಇಳಿಜಾರಿನಲ್ಲಿದೆ. ಬಳಿಕ ಹೊಸ ಮೇಣದ ಕಟ್ಟೆ ಕಟ್ಟಿ, ತಂತಿಗಳನ್ನು ಶ್ರುತಿಗೂಡಿಸಿ, ಮೆಟ್ಟಿಲುಗಳನ್ನು ನಿಲ್ಲಿಸಲು ತೊಡಗುತ್ತಾನೆ. ಒಂದು ತಂತಿ ಇನ್ನೊಂದಕ್ಕೆ ಸಾಕ್ಷಿ. ಪಂಚಮದ ತಂತಿಯನ್ನು ಐದನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಅದು ಬಿಡಿ ಸಾರಣಿಯ ಷಡ್ಜದಲ್ಲಿ ಲೀನವಾಗಬೇಕು. ಮಂದ್ರ ಷಡ್ಜದ ತಂತಿಯನ್ನು ಏಳನೆಯದರಲ್ಲಿ ಒತ್ತಿದರೆ ಬಿಡಿ ಪಂಚಮದೊಡನೆ ಒಂದಾಗಬೇಕು. ಎರಡು ನಾದಗಳ ನಡುವೆ ಅಲೆಯಂತಹ ತುಯ್ದಾಟ ಕೇಳಿಬಂದರೆ ಮೆಟ್ಟಿಲು ಇನ್ನೂ ತನ್ನ ಮನೆಯನ್ನು ಸೇರಿಲ್ಲವೆಂದು ಅರ್ಥ. ಎತ್ತರದ ಪರೀಕ್ಷೆ ಬೇರೆ: ಒಂದು ಮೆಟ್ಟಿಲು ತಗ್ಗಿದ್ದರೆ ಅಲ್ಲಿ ಒತ್ತಿದ ತಂತಿ ಮುಂದಿನದಕ್ಕೆ ತಗಲಿ ಕರಕರ ಎನ್ನುತ್ತದೆ.

ಇಪ್ಪತ್ತನಾಲ್ಕು ಮೆಟ್ಟಿಲುಗಳೂ ನಿಂತ ಮೇಲೆ ಕೆಲಸ ಮುಗಿಯಿತೆಂದು ವೀಣೆಯನ್ನು ಒಡನೆಯೇ ಒಪ್ಪಿಸುವುದು ಜಾಣತನವಲ್ಲ. ಮೇಣ ಆರಿ ಗಟ್ಟಿಯಾಗುವವರೆಗೆ ಕಾದು, ಮತ್ತೆ ಶ್ರುತಿ ಸೇರಿಸಿ, ನಾಲ್ಕು ತಂತಿಗಳಲ್ಲಿಯೂ ಒಂದೊಂದೇ ಸ್ವರವನ್ನು ಮೀಟಿ ನೋಡಬೇಕು. ಎಲ್ಲಿ ಕಿವಿ ಅನುಮಾನಪಡುತ್ತದೆಯೋ ಅಲ್ಲಿ ಕಾಯಿಸಿದ ಕಬ್ಬಿಣ ಇನ್ನೊಮ್ಮೆ ಮೇಣವನ್ನು ಸೋಕುತ್ತದೆ.