ಲಿನಕ್ಸ್‌ಗೆ ಎರಡನೇ ಹಾರ್ಡ್ ಡಿಸ್ಕ್ ಜೋಡಿಸೋದು

ನಮ್ಮ ಕನ್ನಡ ಸಂಘದ ಉಬುಂಟು ಕಂಪ್ಯೂಟರಿನ 500 ಜಿಬಿ ಡಿಸ್ಕ್ ತುಂಬಿತು. ತುಂಬಿಸಿದ್ದು ಜೋಯಿಡಾ ತಾಲೂಕಿನ ರಾಮನಗರದ ವಿಡಿಯೋಗಳು. ಸೂಪಾ ಅಣೆಕಟ್ಟು ಕಟ್ಟುವಾಗ ಊರು ಬಿಟ್ಟು ಬಂದ ಹಿರಿಯರನ್ನು ನಾವು ಅಲ್ಲಿ ಮಾತಾಡಿಸ್ತಾ ಇದ್ದೇವೆ. ಅವರಿಗೆ ವಯಸ್ಸಾಗಿದೆ, ಮತ್ತೆ ಕೇಳೋಣ ಅಂದ್ರೆ ಅವರು ಇರ್ತಾರೋ ಇಲ್ಲವೋ. ಡಿಲೀಟ್ ಮಾಡೋ ಮಾತೇ ಇಲ್ಲ. 17 ಎಂಬಿಪಿಎಸ್ ವಿಡಿಯೋ ಅಂದ್ರೆ ಗಂಟೆಗೆ ಸುಮಾರು 7.6 ಜಿಬಿ. ಹಾಗಾಗಿ 1 ಟಿಬಿಯ ಇನ್ನೊಂದು ಡಿಸ್ಕ್ ತಂದೆವು.

ಕೂರಿಸೋದು ಸುಲಭ: ಪವರ್ ಕಿತ್ತು, ಸಾಟಾ ಕೇಬಲ್ ಒಂದು, ಪವರ್ ಕೇಬಲ್ ಒಂದು, ನಾಲ್ಕು ಸ್ಕ್ರೂ. ಕಷ್ಟ ಇರೋದು ಆಮೇಲೆ. (ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರ ಹಾಕಿ.)

ವಿಂಡೋಸ್‌ನಲ್ಲಿ ಹೊಸ ಡಿಸ್ಕ್ ಅಂದ್ರೆ ಡಿ ಡ್ರೈವ್, ಇ ಡ್ರೈವ್. ಯೂನಿಕ್ಸ್‌ನಲ್ಲಿ ಹಾಗಿಲ್ಲ. ಇರೋದು ಒಂದೇ ಮರ, ಹೊಸ ಡಿಸ್ಕನ್ನು ಅದರ ಒಂದು ಫೋಲ್ಡರಿಗೆ ಕಸಿ ಕಟ್ಟಬೇಕು. ಅದೇ ಮೌಂಟ್. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನ ಥಾಂಪ್ಸನ್, ರಿಚಿ ಅವರಿಗೂ ಮೊದಲ ಡಿಸ್ಕ್ ಸಾಲದೇ ಹೋಗಿ, ಸಿಸ್ಟಮ್ ಪ್ರೋಗ್ರಾಂಗಳು ಎರಡನೇ ಡಿಸ್ಕಿನ ಯುಎಸ್‌ಆರ್ ಫೋಲ್ಡರಿಗೆ ಹರಿದು ಬಂದವು. ಇವತ್ತಿಗೂ ಅವು ಅಲ್ಲೇ ಇವೆ!

ಮೊದಲು 'ಎಲ್‌ಎಸ್‌ಬಿಎಲ್‌ಕೆ' ಹೊಡೆಯಿರಿ. ನಮಗೆ ಎಸ್‌ಡಿಎ 465.8 ಜಿ, ಎಸ್‌ಡಿಬಿ 931.5 ಜಿ ಅಂತ ಬಂತು. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ 1000ದಿಂದ ಗುಣಿಸುತ್ತೆ, ಈ ಕಮಾಂಡ್ 1024ರಿಂದ. ಇಲ್ಲಿ ಐದು ನಿಮಿಷ ನಿಲ್ಲಿ. ಮುಂದೆ ಬರೋ ಫಾರ್ಮ್ಯಾಟ್ ಕಮಾಂಡಿಗೆ ಯಾವುದು ಖಾಲಿ ಡಿಸ್ಕ್, ಯಾವುದರಲ್ಲಿ ಅಜ್ಜಿಯ ದನಿ ಇದೆ ಅಂತ ಗೊತ್ತಿರಲ್ಲ. ಎರಡೂ ಒಂದೇ ಗಾತ್ರವಿದ್ರೆ ಮಾಡೆಲ್, ಸೀರಿಯಲ್ ನಂಬರ್ ನೋಡಿ. ನಾವು ಇಬ್ಬರು ಕೂತು ಒಬ್ಬರು ಓದಿ, ಒಬ್ಬರು ಟೈಪ್ ಮಾಡಿದೆವು.

ಆಮೇಲೆ 'ಎಫ್‌ಡಿಸ್ಕ್'ನಲ್ಲಿ ಜಿಪಿಟಿ ಟೇಬಲ್, ಒಂದೇ ಪಾರ್ಟಿಷನ್. ಅದಾದ ಮೇಲೆ 'ಎಂಕೆಎಫ್‌ಎಸ್', ಇಎಕ್ಸ್‌ಟಿ4. ಇಎಕ್ಸ್‌ಟಿ4 ಸುಮ್ಮನೆ 5% ಜಾಗವನ್ನು ರೂಟ್‌ಗೆ ಮೀಸಲಿಡುತ್ತೆ, 1 ಟಿಬಿಯಲ್ಲಿ ಅದು ಸುಮಾರು 46 ಜಿಬಿ, ಅಂದ್ರೆ ಆರು ಗಂಟೆಯ ಮಾತು. ಬರೀ ಡೇಟಾ ಡಿಸ್ಕಿಗೆ ಅಷ್ಟು ಬೇಡ. 'ಟ್ಯೂನ್2ಎಫ್‌ಎಸ್'ನಿಂದ 1%ಗೆ ಇಳಿಸಿದೆವು.

ಮೌಂಟ್ ಮಾಡೋ ಫೋಲ್ಡರ್ ಖಾಲಿ ಇರಲಿ. ಅದರಲ್ಲಿ ಫೈಲ್ ಇದ್ರೆ ಅಳಿಸಿ ಹೋಗಲ್ಲ, ಆದರೆ ಕಾಣಲ್ಲ. ಸೂಪಾ ಜಲಾಶಯದ ಕೆಳಗೆ ಹಳೆ ಊರು ಇದ್ದ ಹಾಗೆ. ಅನ್‌ಮೌಂಟ್ ಮಾಡಿದ್ರೆ ಮತ್ತೆ ಕಾಣುತ್ತೆ. ಊರಿನ ವಿಷಯದಲ್ಲಿ ಆ ಸೌಲಭ್ಯ ಇಲ್ಲ.

ರೀಬೂಟ್ ಆದಮೇಲೂ ಡಿಸ್ಕ್ ಬರಬೇಕು ಅಂದ್ರೆ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಎಸ್‌ಡಿಬಿ ಅಂತ ಬರೀಬೇಡಿ. ಆ ಹೆಸರು ಡಿಸ್ಕ್‌ಗಳು ಸಿಕ್ಕ ಕ್ರಮದ ಮೇಲೆ ಬರೋದು, ನಾಳೆ ಅದಲುಬದಲಾಗಬಹುದು. 'ಬಿಎಲ್‌ಕೆಐಡಿ' ಕೊಡೋ ಯುಯುಐಡಿ ಬರೆಯಿರಿ. ಜೊತೆಗೆ 'ನೋಫೇಲ್' ಇರಲಿ. ಇಲ್ಲಾಂದ್ರೆ ಡಿಸ್ಕ್ ಸಿಗದ ದಿನ ಸಿಸ್ಟಮ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂತ್ಕೊಳ್ಳುತ್ತೆ. ರೀಬೂಟಿಗೆ ಮೊದಲು 'ಮೌಂಟ್ ಹೈಫನ್ ಎ' ಕೊಟ್ಟು ನೋಡಿ, ತಪ್ಪಿದ್ರೆ ಅಲ್ಲೇ ಹೇಳುತ್ತೆ.

ಕಾಪಿಗೆ 'ಆರ್‌ಸಿಂಕ್'. ಹಳಿಯಾಳದ ಮಳೆಗಾಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಇಎಕ್ಸ್‌ಟಿ4ನ ಜರ್ನಲ್ ಫೈಲ್ ಸಿಸ್ಟಮನ್ನು ಕಾಯುತ್ತೆ, ಅರ್ಧ ಕಾಪಿಯಾದ ವಿಡಿಯೋವನ್ನಲ್ಲ. ಅದಕ್ಕೆ ಕೊನೆಗೆ ಚೆಕ್‌ಸಮ್ ಆಪ್ಷನ್ ಹಾಕಿ ಇನ್ನೊಮ್ಮೆ ಓಡಿಸಿ.

ಈಗ ಹಳೆ ಡಿಸ್ಕಿನಿಂದ ತೆಗೀಬಹುದಾ? ತೆಗೆದ್ರೆ ಉಳಿಯೋದು ಮತ್ತೆ ಒಂದೇ ಪ್ರತಿ, ಡಿಸ್ಕ್ ಬೇರೆ ಅಷ್ಟೇ. ಇನ್ನೊಂದು ಪ್ರತಿಯನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ ಮುಂಡಗೋಡದ ಗೆಳೆಯನ ಮನೆಗೆ ಕಳಿಸಿದೆವು. ಅದು ತಲುಪಿ, ಅವನು ಎರಡು ವಿಡಿಯೋ ಓಡಿಸಿ ನೋಡಿದ ಮೇಲೇ ಇಲ್ಲಿ ಜಾಗ ಖಾಲಿ ಮಾಡಿದ್ದು.