ಕಸೂತಿಗೆ ಚೌಕಟ್ಟು

ಧಾರವಾಡ ಸೀಮೆಯ ಕಸೂತಿಯಲ್ಲಿ ಗಂಟಿಗೆ ಎಡೆಯಿಲ್ಲ. ಬಟ್ಟೆಯ ಎಳೆಗಳನ್ನೆಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುವುವು. ಇಂತಹ ಕೆಲಸವನ್ನು ರಟ್ಟಿಗೆ ಗೋಂದಿನಿಂದ ಅಂಟಿಸುವುದು ಸಲ್ಲದು. ಚೌಕಟ್ಟಿನ ಅಂಗಡಿಯವರು ಅವಸರದಿಂದ ಹಾಗೆ ಮಾಡಬಯಸಿದರೂ ಒಪ್ಪಬೇಡಿರಿ. ಅಂಟಿದ ಬಟ್ಟೆಯನ್ನು ಕೆಡದಂತೆ ಬಿಡಿಸುವುದು ಬಲು ಕಷ್ಟ.

ಮೊದಲು ಒದ್ದೆಯ ಬಿಳಿ ಅರಿವೆಯನ್ನು ದಾರಗಳ ಮೇಲೊತ್ತಿ, ಬಣ್ಣ ಬಿಡುವುದೇ ಎಂದು ನೋಡಬೇಕು. ಬಿಡದಿದ್ದರೆ ತಣ್ಣೀರಿನಲ್ಲಿ ತೊಳೆದು, ಹಿಂಡದೆ ನೆರಳಿನಲ್ಲಿ ಆರಹಾಕಿರಿ. ತುಸು ತೇವವಿರುವಾಗಲೇ ದಪ್ಪ ಟವೆಲಿನ ಮೇಲೆ ಮುಖ ಕೆಳಗಾಗಿ ಹಾಸಿ ಇಸ್ತ್ರಿ ಮಾಡಿದರೆ ಹೊಲಿಗೆಯ ಉಬ್ಬು ಉಳಿಯುವುದು.

ಮುಖ್ಯವಾದುದು ಬಿಗಿಯುವ ಕೆಲಸ. ಸುತ್ತಲೂ ಎರಡಂಗುಲ ಬಟ್ಟೆಯನ್ನು ಬಿಟ್ಟು, ಆಮ್ಲರಹಿತವಾದ ರಟ್ಟಿನ ಅಂಚುಗಳಿಗೆ ಗುಂಡುಸೂಜಿ ಚುಚ್ಚಿರಿ. ಕಸೂತಿಯ ಗೋಪುರ, ತೇರು, ಆನೆಗಳೆಲ್ಲ ಎಳೆಯ ಲೆಕ್ಕದಲ್ಲಿ ನಿಂತಿರುವುದರಿಂದ, ಬಟ್ಟೆ ತುಸು ಓರೆಯಾದರೂ ಗೋಪುರವೇ ವಾಲುವುದು! ಆದುದರಿಂದ ನೇಯ್ಗೆಯ ಎಳೆಯನ್ನು ರಟ್ಟಿನ ಅಂಚಿಗೆ ಸರಿಹೊಂದಿಸಿರಿ. ಬಳಿಕ ಹಿಂಬದಿಯಲ್ಲಿ ಎದುರುಬದುರಿನ ಅಂಚುಗಳನ್ನು ಗಟ್ಟಿದಾರದಿಂದ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ, ಹೆಣೆಯಬೇಕು. ಅತಿಯಾಗಿ ಜಗ್ಗಿದರೆ ಸೂಜಿಯ ರಂಧ್ರಗಳು ತೆರೆದುಕೊಳ್ಳುವುವು.

ಗಾಜು ಹೊಲಿಗೆಗೆ ತಗಲದಂತೆ ನಡುವೆ ರಟ್ಟಿನ ಪಟ್ಟಿಯಿರಲಿ; ಇಲ್ಲವಾದರೆ ಸಿಕಂದರಾಬಾದಿನ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದೀತು. ಬಿಸಿಲು ಬೀಳುವ ಗೋಡೆಯೂ ಬೇಡ. ಅಜ್ಜಿಯ ಹರಿದ ಇಳಕಲ್ ಸೀರೆಯ ಸೆರಗಾದರೆ ತೊಳೆಯದೆಯೇ ಹೀಗೆ ಹೆಣೆದಿಡಿರಿ. ಮುಂದೊಮ್ಮೆ ಹೆಣಿಗೆಯ ದಾರವನ್ನು ಕತ್ತರಿಸಿ, ಅದರ ಹಿಂಬದಿಯನ್ನೂ ತಂಗಿಯರಿಗೆ ತೋರಿಸಬಹುದು.